ಪದ ಬೇಕಿದೆ: ಕುಂಗ್‌ಫು ಸಿನಿಮಾದ ‘ಫೈಟ್ ಮಾಸ್ಟರ್’ಗೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ನಮ್ಮ ಬಳಗ ಈ ವಾರ ಹಾಂಗ್‌ಕಾಂಗಿನ ಲಾವ್ ಕಾರ್-ಲಿಯಂಗ್ ಅವರ ಸಿನಿಮಾ ತೋರಿಸುತ್ತಿದೆ. ಪರಿಚಯದ ಹಾಳೆ ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. ಸಿನಿಮಾದ ಹೊಡೆದಾಟ ಹೊಂದಿಸುವ ಅವರ ಕೆಲಸಕ್ಕೆ ಒಂದು ಹೆಸರು ಬೇಕು. ನಮ್ಮ ಸಿನಿಮಾಗಳಲ್ಲಿ ‘ಸಾಹಸ’ ಅಂತ ಹಾಕುತ್ತಾರೆ. ಮಾತಿನಲ್ಲಿ ‘ಫೈಟ್ ಮಾಸ್ಟರ್’. ಎರಡೂ ಇವರಿಗೆ ಒಗ್ಗುತ್ತಿಲ್ಲ.

ಇವರ ದಾರಿಯೇ ಬೇರೆ. ಚೀನಾದ ಹೆಸರಾಂತ ಕುಂಗ್‌ಫು ಗುರು ವಾಂಗ್ ಫೇ-ಹುಂಗ್ ಅವರ ಶಿಷ್ಯ ಲಾಮ್ ಸಾಯ್-ವಿಂಗ್, ಅವರ ಶಿಷ್ಯ ಲಾವ್ ಚಾಮ್. ಆ ಲಾವ್ ಚಾಮ್ ಅವರ ಮಗ ಇವರು. ಹುಂಗ್ ಗಾರ್ ಎಂಬ ಶೈಲಿಯ ಕುಂಗ್‌ಫು ಮನೆಯಲ್ಲೇ ಕಲಿತರು. ವಾಂಗ್ ಅವರ ಕಥೆಯ ಕಪ್ಪುಬಿಳುಪು ಸಿನಿಮಾಗಳಲ್ಲಿ ಚಿಕ್ಕಪುಟ್ಟ ಪಾತ್ರ ಮಾಡಿದರು. ಆಮೇಲೆ ಹಾಂಗ್‌ಕಾಂಗಿನ ಸಿನಿಮಾ ಕಂಪನಿ ಶಾ ಬ್ರದರ್ಸ್‌ನಲ್ಲಿ ಹೊಡೆದಾಟ ಹೊಂದಿಸುವ ಕೆಲಸ, 1975ರಿಂದ ನಿರ್ದೇಶನ. 1978ರ ‘ಶಾವೊಲಿನ್‌ನ 36ನೇ ಕೋಣೆ’ಯಲ್ಲಿ ಹೊಡೆದಾಟಕ್ಕಿಂತ ಕಲಿಕೆಯೇ ಮನಸ್ಸಿನಲ್ಲಿ ಉಳಿಯುತ್ತದೆ. ಚೀನೀ ಟೈಟಲ್ ಕಾರ್ಡಿನಲ್ಲಿ ಈ ಕೆಲಸಕ್ಕೆ ‘ವುಶು ಝಿದಾವ್’ ಎಂದಿರುತ್ತದೆ. ಯುದ್ಧಕಲೆಗೆ ದಾರಿ ತೋರುವುದು ಅಂತ ಅರ್ಥ. ಇದಕ್ಕೆ ಹತ್ತಿರದ್ದು ಹೇಳಿ.

ಮರು:
ಕಾದಾಟ ಹೆಣೆಗಾರ. ಬೇರೆ ಹುಡುಕಬೇಡಿ. ‘ನಿರ್ದೇಶಕ’ ಬೇಡವೇ ಬೇಡ. ‘ಸಾಹಸ’ವಂತೂ ಪೂರ್ತಿ ತಪ್ಪು. ಸಂಸ್ಕೃತದ ಧರ್ಮಶಾಸ್ತ್ರಗಳಲ್ಲಿ ಸಾಹಸ ಅಂದರೆ ಸುಲಿಗೆ, ಹಲ್ಲೆಯಂಥ ಅಪರಾಧ. ಅದನ್ನು ತಂದು ಟೈಟಲ್ ಕಾರ್ಡಿಗೆ ಅಂಟಿಸಿದ್ದೇವೆ.

ಮರು: ಮರು:
‘ಹೆಣೆಗಾರ’ ಅಂದರೆ ಬುಟ್ಟಿ, ಚಾಪೆ ನೆನಪಾಗುತ್ತದೆ. ಯಾರೂ ಹಾಗೆ ಹೇಳುವುದಿಲ್ಲ.

ನಮ್ಮಲ್ಲಿ ‘ವರಸೆ’ ಇದೆಯಲ್ಲ. ಕೈವರಸೆ, ಕತ್ತಿವರಸೆ, ದೊಣ್ಣೆವರಸೆ. ವರಸೆ ಅಂದರೆ ಸಾಲು, ಕ್ರಮ. ತಮಿಳಿನ ವರಿಸೈ, ತೆಲುಗಿನ ವರುಸ ಇದರ ಒಡಹುಟ್ಟುಗಳು. ಸಂಗೀತ ಕಲಿಯುವ ಮಕ್ಕಳ ಸರಳೆ ವರಸೆಯೂ ಇದೇ. ಕುಂಗ್‌ಫುವಿನಲ್ಲೂ ಹೊಡೆತ, ತಡೆ, ಹೆಜ್ಜೆ ಒಂದರ ಹಿಂದೊಂದು ಕಟ್ಟಿಟ್ಟಿರುತ್ತಾರೆ. ದಿನಾ ಅದನ್ನೇ ಸಾಧನೆ ಮಾಡುತ್ತಾರೆ. ನೀವು ಹೇಳಿದ 36ನೇ ಕೋಣೆಯನ್ನೇ ನೋಡಿ. ಹೆಸರುಗಳು ಬರುವಾಗಲೇ ನಾಯಕ ಒಬ್ಬನೇ ವರಸೆ ಹಾಕುತ್ತಿರುತ್ತಾನೆ. ಎದುರಾಳಿಯೇ ಇಲ್ಲ! ಇದು ‘ಫೈಟ್’ ಹೇಗಾದೀತು? ‘ವರಸೆ ನಿರ್ದೇಶಕ’ ಎಂದು ಹಾಕಿ. ಗರಡಿಯಲ್ಲಿ ಹೇಳಿಕೊಡುವವರಿಗೆ ‘ವಸ್ತಾದ್’ ಅನ್ನುತ್ತಾರೆ, ಅದೂ ಚೆನ್ನ.

ಮರು: ಮರು: ಮರು:
ವಸ್ತಾದ್ ಪಾರಸಿ. ನಿರ್ದೇಶಕ ಸಂಸ್ಕೃತ. ಕನ್ನಡ ಎಲ್ಲಿದೆ?

ಮರು: ಮರು: ಮರು: ಮರು:
ಸರ್, ‘ಉಸ್ತಾದ್’ ಪಾರಸಿ. ‘ವಸ್ತಾದ್’ ಮೈಸೂರಿನ ಗರಡಿಯದು. ನಮ್ಮ ಬಾಯಲ್ಲಿ ಅದು ರೂಪವನ್ನೇ ಬದಲಿಸಿಕೊಂಡಿದೆ. ‘ಪೈಲ್ವಾನ್’ ಕೂಡ ಪಾರಸಿಯಿಂದಲೇ ಬಂದದ್ದು, ಅದನ್ನೂ ಆಚೆ ಹಾಕೋಣವೇ? ‘ಕುಂಗ್‌ಫು’ ಎಂಬುದನ್ನೇ ತೆಗೆದುಕೊಳ್ಳಿ. ಚೀನೀ ಭಾಷೆಯಲ್ಲಿ ಅದು ಬಹಳ ಕಾಲ ಪಳಗಿ ಬಂದ ಯಾವ ಕೈಚಳಕಕ್ಕೂ ಸಲ್ಲುವ ಮಾತು, ಅಡುಗೆಗೂ ಸಲ್ಲುತ್ತದೆ. ನಾವು ಅದನ್ನು ಹೊಡೆದಾಟಕ್ಕೆ ಮಾತ್ರ ಇಟ್ಟುಕೊಂಡೆವು. ಎರವಲು ಪದ ಬಂದ ಮನೆಯ ರೀತಿಗೆ ಒಗ್ಗಿಕೊಳ್ಳುತ್ತದೆ, ಅಲ್ವಾ? ಹುಟ್ಟೂರು ಕೇಳಿ ಹೊರಗೆ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ.

ಮರು: ಪದ ಬೇಕಿದೆ
ಎಲ್ಲರಿಗೂ ಧನ್ಯವಾದ. ಹಾಳೆಯಲ್ಲಿ ‘ವರಸೆ ನಿರ್ದೇಶನ’ ಎಂದು ಹಾಕಿದೆ. 1979ರ ‘ಮ್ಯಾಡ್ ಮಂಕಿ ಕುಂಗ್‌ಫು’ ಸಿನಿಮಾದಲ್ಲಿ ಅವರೇ ಕೋತಿವರಸೆ ಕಲಿಸುವ ಗುರುವಿನ ಪಾತ್ರ ಮಾಡಿದ್ದಾರೆ. ಆ ಸಾಲಿನಲ್ಲಿ ‘ವಸ್ತಾದ್’ ಬಳಸಿದ್ದೇನೆ.