ಸಹಾಯ ಬೇಕು: ಮಗನನ್ನು ಚಿಕಿತ್ಸೆಗೆ ಕರೆದುಕೊಂಡು ಹೋದರೆ ಕೇಸ್ ಆಗುತ್ತಾ?

ಮಲ್ಪೆ ಹತ್ತಿರದ ನಮ್ಮ ಯುವಕ ಮಂಡಲದಿಂದ ಜೂನ್ 26ಕ್ಕೆ ಮಾದಕ ವಸ್ತು ವಿರೋಧಿ ಕಾರ್ಯಕ್ರಮ ಇಟ್ಟಿದ್ದೆವು. ಯಾರೂ ಪ್ರಶ್ನೆ ಕೇಳಲಿಲ್ಲ. ಆಮೇಲೆ ಕುರ್ಚಿ ಜೋಡಿಸುವಾಗ ಒಬ್ಬರು ಅಕ್ಕ ಸೆರಗಿನ ತುದಿ ತಿರುಚುತ್ತಾ ಬದಿಗೆ ಕರೆದು, "ಮಗ ಗಾಂಜಾ ಸೇದ್ತಾನೆ, ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಪೊಲೀಸರಿಗೆ ಗೊತ್ತಾಗ್ತದಾ?" ಅಂತ ಕೇಳಿದರು. 14446 ವ್ಯಸನಮುಕ್ತಿ ಸಹಾಯವಾಣಿ ನಂಬರ್ ಕೊಟ್ಟೆವು, ಫೋನ್ ಮಾಡಲಿಕ್ಕೂ ಅವರಿಗೆ ಹೆದರಿಕೆ. ಈ ಹೆದರಿಕೆಯಿಂದಲೇ ಎಷ್ಟೋ ಹುಡುಗರ ಚಿಕಿತ್ಸೆ ತಡವಾಗುವುದು, ಅಲ್ವಾ.

1985ರ ಎನ್‌ಡಿಪಿಎಸ್ (ಮಾದಕ ವಸ್ತು ತಡೆ) ಕಾಯ್ದೆಯ 64ಎ ಸೆಕ್ಷನ್ ಓದಿದೆ. ಸಣ್ಣ ಪ್ರಮಾಣದ ಕೇಸಿನಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ರಕ್ಷಣೆ ಇದೆ. ಆದರೆ ಈ ಹುಡುಗನ ಮೇಲೆ ಕೇಸೇ ಇಲ್ಲ, ಬರೀ ಚಿಕಿತ್ಸೆ ಬೇಕು ಅಷ್ಟೆ.

ವಕೀಲರು, ಮನೋವೈದ್ಯರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ: ನೇರ ಸರ್ಕಾರಿ ಆಸ್ಪತ್ರೆಗೆ ಹೋದರೆ ಡಾಕ್ಟರ್ ಪೊಲೀಸರಿಗೆ ತಿಳಿಸಲೇಬೇಕಾ, ಇಲ್ಲ ವಿಷಯ ಗುಟ್ಟಾಗಿಯೇ ಇರುತ್ತದಾ?