ಸೆಕೆಂಡ್ ಹ್ಯಾಂಡ್ ಪಿಕಪ್: ಮೂರನೇ ಸಿಲಿಂಡರ್ ಸ್ಪಾರ್ಕ್ ಪ್ಲಗ್ ಕದಲವಲ್ದು

ಬ್ಯಾಡಗಿ ಲೋಡ್:
ನಮಸ್ಕಾರ್ರಿ ಎಲ್ಲರಿಗೂ. ಹುಬ್ಬಳ್ಳಿಯೊಳಗ ಒಂದು ಸೆಕೆಂಡ್ ಹ್ಯಾಂಡ್ ಸಣ್ಣ ಪಿಕಪ್ ತಗೊಂಡೀನಿ. 2019ರ ಮಾಡೆಲ್, ನಾಕ ಸಿಲಿಂಡರ್, ಪೆಟ್ರೋಲ್ ಮತ್ತ ಸಿಎನ್‌ಜಿ ಎರಡರ ಮ್ಯಾಲೂ ಓಡತೈತಿ, ಎಂಜಿನ್ ಸೀಟಿನ ಕೆಳಗ. ಬಯಲಾಗ ಓಡಿಸಿದ್ರ ಏನೂ ತ್ರಾಸಿಲ್ಲ. ಅಂಕೋಲಾದಿಂದ ತೆಂಗಿನಕಾಯಿ ಹೇರ್ಕೊಂಡು ಅರಬೈಲ್ ಘಟ್ಟ ಹತ್ತೋ ಮುಂದ ಸಿಎನ್‌ಜಿಯೊಳಗ ಜಟಕಾ ಹೊಡೀತೈತಿ, ಎಂಜಿನ್ ಲೈಟ್ ಮಿಣಕ್ ಮಿಣಕ್ ಅಂತೈತಿ. ಪೆಟ್ರೋಲಿಗೆ ಹಾಕಿದ್ರ ಸುಮ್ಮನಾಗತೈತಿ. ಸ್ಕ್ಯಾನರ್ ಹಚ್ಚಿದ್ರ ಪಿ0303 ಬಂತು, ಅಂದ್ರ ಮೂರನೇ ಸಿಲಿಂಡರ್ ಸರಿ ಉರಿಯವಲ್ದು ಅನ್ನೋ ಕೋಡ್.

ಪ್ಲಗ್ ಯಾವಾಗ ಬದಲಿ ಮಾಡ್ಯಾರಂತ ಮೊದಲಿನ ಮಾಲಕರ ಹತ್ರ ಒಂದು ಚೀಟಿನೂ ಇಲ್ಲ. ನಾನ ಮಾಡಿದ್ರಾತು ಅಂತ ಕುಂತೆ. ಒಂದು, ಎರಡು, ನಾಕನೇದ್ದು ಬಂದ್ವು. ಮೂರನೇದ್ದು ಕಾಲು ಸುತ್ತು ತಿರುಗಿ ಗಪ್ ಕುಂತೈತಿ, ಕಿರ್ರ್ ಅಂತ ಸಪ್ಪಳ ಅಷ್ಟ. ಪಾನಾಕ್ಕ ಪೈಪ್ ಹಾಕಿ ಒಮ್ಮೆ ಜೋರ್ ಎಳೀಲ್ಯಾ? ಅಮೆರಿಕಾದ ಪಿಕಪ್ಪಿನಾಗ ಪ್ಲಗ್ ನಡುವ ಮುರಿಯೋ ವಿಡಿಯೋ ನೋಡಿದಾಗಿಂದ ಕೈ ನಡಗಾಕ ಹತ್ತೈತಿ.

ನವಲಗುಂದ ಡೀಸೆಲ್:
ಪಿಕಪ್ಪಿಗೆ ಸ್ಪಾರ್ಕ್ ಪ್ಲಗ್ ಎಲ್ಲಿಂದ ಬಂತ್ರೀ? ನಮ್ದೇನಿದ್ರೂ ಹೀಟರ್ ಪ್ಲಗ್. ಡೀಸೆಲ್ ತಗೊಂಡಿದ್ರ ಈ ಗೋಳ ಇರ್ತಿರಲಿಲ್ಲ ನೋಡ್ರಿ.

ಗೋಕುಲ ರೋಡ್ ಮಿಸ್ತ್ರಿ:
ಹೀಟರ್ ಪ್ಲಗ್ ಎಂಜಿನ್ನಿನ ಮ್ಯಾಲಿನ ಹೆಡ್ಡಿನಾಗ ಊದಿ ಸಿಕ್ಕೊಂಡಾಗ ಡೀಸೆಲ್‌ನವರ ಗೋಳೂ ಕೇಳೀನಿ ಬಿಡಪಾ.

ತಮ್ಮಾ ಬ್ಯಾಡಗಿ, ಪೈಲಾ ಆ ಪೈಪ್ ಕೆಳಗಿಡು. ಕಾಲು ಸುತ್ತು ತಿರುಗೇತಿ ಅಂದ್ರ ವಾಶರ್ ಬಿಟ್ಟೈತಿ, ಈಗ ಹಿಡಿದದ್ದು ಥ್ರೆಡ್. ಇನ್ನ ನೀ ಎಷ್ಟು ಜೋರ್ ಹಾಕ್ತಿ, ಅಷ್ಟೂ ಹೋಗೋದು ಹೆಡ್ಡಿನ ಥ್ರೆಡ್ ಮ್ಯಾಲ. ಪ್ಲಗ್ಗಿಂದು ಉಕ್ಕು, ಹೆಡ್ ಅಲ್ಯೂಮಿನಿಯಂ. ಸೋಲೋದು ಯಾವುದಂತ ನಿನಗ ಹೇಳೋದು ಬ್ಯಾಡ.

ಆ ವಿಡಿಯೋ ಫೋರ್ಡ್ ಟ್ರೈಟನ್ 5.4 ಲೀಟರ್ ವಿ8 ಎಂಜಿನ್ನಿಂದು, 2004ರಿಂದ 2008ರ ತನಕದ ಗಾಡಿಗಳು. ಅದರ ಪ್ಲಗ್ ಎರಡು ತುಂಡು ಸೇರಿಸಿ ಮಾಡಿದ್ದು, ಕೆಳಗ ಉದ್ದನ ತೆಳ್ಳನ ಕೊಳವಿ ಇರತೈತಿ. ಕಾರ್ಬನ್ ಕುಂತು ಕೊಳವಿ ಹೆಡ್ಡಿಗೆ ಅಂಟಿಬಿಡತೈತಿ, ತಿರುವಿದ್ರ ಮ್ಯಾಲಿನ ಭಾಗ ಕೈಗೆ ಬರತೈತಿ, ಕೆಳಗಿಂದು ಅಲ್ಲೇ ಉಳೀತೈತಿ. ನಿಂದು ಸಾದಾ ಪ್ಲಗ್. ಮುರಿಯೋ ಅಂಜಿಕಿ ಬಿಡು, ಥ್ರೆಡ್ಡಿಗೆ ಅಂಜು.

ಈಗ ಹಿಂಗ ಮಾಡು. ಬ್ಯಾಟರಿ ಮೈನಸ್ ತಗಿ, ಸಿಎನ್‌ಜಿ ಸಿಲಿಂಡರಿನ ವಾಲ್ವ್ ಬಂದ್ ಮಾಡು. ತಗದ ಮೂರು ಕಿಂಡಿಗೂ ಅರಿವಿ ತುರುಕು. ಮೂರನೇ ಪ್ಲಗ್ ಎಷ್ಟು ಬಿಚ್ಚೀಯೋ ಅಷ್ಟೂ ಮತ್ತ ಒಳಗ ತಿರುವು. ಮನಸ್ಸು ಒಪ್ಪಂಗಿಲ್ಲ, ಆದ್ರೂ ತಿರುವು. ಆಮ್ಯಾಲ ಬಾವಿಗೆ, ಅಂದ್ರ ಪ್ಲಗ್ ಕುಂತಿರೋ ಆಳದ ತೂತಿಗೆ, ಹವಾ ಹೊಡಿ. ಮನ್ಯಾಗ ಕಂಪ್ರೆಸರ್ ಇಲ್ಲಂದ್ರ ಪಂಕ್ಚರ್ ಅಂಗಡಿಗೆ ಗಾಡಿ ಕಟ್ಟಿ ಎಳ್ಕೊಂಡು ಹೋಗು, ಆದ್ರ ಹವಾ ಹೊಡೀದ ಮುಂದಿನ ಕೆಲಸ ಮಾಡಬ್ಯಾಡ. ನಮ್ಮ ಕಡಿ ಎರಿಮಣ್ಣಿನ ಧೂಳ ಎಣ್ಣಿ ಜೋಡಿ ಸೇರಿ ಥ್ರೆಡ್ಡಿನಾಗ ಇಳೀತಂದ್ರ ಅದ ಒಂದು ಪಾಲಿಶ್ ಪೇಸ್ಟ್. ಕಣ್ಣಿಗೆ ಚಷ್ಮಾ ಹಾಕೋ.

ತಳ ಸ್ವಚ್ಛ ಆದಮ್ಯಾಲ ತುಕ್ಕು ಬಿಡಿಸೋ ಸ್ಪ್ರೇ ಸ್ವಲ್ಪ ಬಿಡು, ಪ್ಲಗ್ಗಿನ ಆರುಮೂಲಿ ಮುಳುಗೋ ಅಷ್ಟ ಸಾಕು. ರಾತ್ರಿ ಪೂರಾ ಬಿಡು. ಮುಂಜಾನೆ ಎಂಜಿನ್ ತಣ್ಣಗಿದ್ದಾಗ ಶುರು ಮಾಡು: ಬಿಚ್ಚೋದು ಎಂಟಾಣೆ (ಅರ್ಧ ಸುತ್ತು), ವಾಪಸ್ ಹಾಕೋದು ನಾಕಾಣೆ (ಕಾಲು ಸುತ್ತು). ಮತ್ತ ಎಂಟಾಣೆ, ಮತ್ತ ನಾಕಾಣೆ. ನಡನಡುವ ಒಂದೊಂದು ಹನಿ ಎಣ್ಣಿ. ಬಿಗಿ ಬಂದಲ್ಲಿ ನಿಲ್ಲು, ಹಿಂದ ಹೋಗು. ಹಿಂದ ಹೋದಾಗ ಥ್ರೆಡ್ಡಿನ ನಡುವ ಸಿಕ್ಕ ಕಸರು ಪುಡಿ ಆಗತೈತಿ, ಎಣ್ಣಿ ಒಂದು ಗೆರಿ ಕೆಳಗ ಇಳೀತೈತಿ. ಒಂದ ದಿಕ್ಕಿಗೆ ಎಳೀತಾ ಹೋದ್ರ ಅದ ಕಸರು ಒತ್ತಿ ಒತ್ತಿ ಗಡ್ಡಿ ಕಟ್ಟಿ ಅಲ್ಯೂಮಿನಿಯಂ ಕೆತ್ಕೊಂಡು ಬರತೈತಿ.

ಪ್ಲಗ್ ಬಿಚ್ಚೋ ಗೋಟಿ (ಸಾಕೆಟ್) ಆರುಮೂಲಿದ್ದ ಇರಲಿ, ಹನ್ನೆರಡು ಮೂಲಿದ್ದು ಬ್ಯಾಡ. ಎಡಗೈ ರಾಡಿನ ತಲಿ ಮ್ಯಾಲ ಒತ್ತಿ ನೆಟ್ಟಗ ಹಿಡಿ, ಬಲಗೈಲೆ ತಿರುವು. ಸೀಟಿನ ಕೆಳಗ ಜಾಗ ಇಕ್ಕಟ್ಟು, ರಾಡ್ ತಾನ ವಾರಿ ಆಗಾಕ ನೋಡತೈತಿ. ವಾರಿ ಆತಂದ್ರ ಪಿಂಗಾಣಿ ಖಡಕ್ ರೊಟ್ಟಿ ಮುರಿದಂಗ ಮುರೀತೈತಿ, ಚೂರು ಬಾವ್ಯಾಗ ಬೀಳತಾವ.

ಕಿರ್ರ್ ಸಪ್ಪಳಕ್ಕ ಅಂಜಬ್ಯಾಡ. ಬಿಗಿ ಇದ್ದದ್ದು ಒಮ್ಮೆಲೆ ಮೆತ್ತಗಾಗಿ, ಪ್ಲಗ್ ತಿರುಗಿದ್ರೂ ಮ್ಯಾಲ ಏಳವಲ್ದು ಅಂದ್ರ ಅಲ್ಲೇ ಕೈ ಬಿಡು, ಥ್ರೆಡ್ ಹೊಂಟೈತಿ.

ಅಣ್ಣಿಗೇರಿ ಆಟೋ:
ಇಷ್ಟೆಲ್ಲಾ ಯಾಕ ಮಿಸ್ತ್ರಿ ಕಾಕಾ? ಗಾಡಿ ಒಂದು ಸುತ್ತು ಓಡಿಸಿ ಬಿಸಿ ಇದ್ದಾಗ ಬಿಚ್ಚಿದ್ರ ಸಲೀಸ ಬರತೈತಿ. ನಮ್ಮ ಉಸ್ತಾದ್ ಯಾವಾಗಲೂ ಹಂಗ ಮಾಡೋರು.

ಹಾವೇರಿ ವರ್ಕ್‌ಶಾಪ್ ಮೇಷ್ಟ್ರು:
ಅಣ್ಣಿಗೇರಿಯವರ ಮಾತಿನಲ್ಲಿ ವಿಜ್ಞಾನ ಇದೆ, ಆದರೆ ಅರ್ಧ. ಅಲ್ಯೂಮಿನಿಯಂ ಬಿಸಿಗೆ ಹಿಗ್ಗುವುದು ಉಕ್ಕಿನ ಸುಮಾರು ಎರಡರಷ್ಟು. ಹಾಗಾಗಿ ಬಿಸಿ ಹೆಡ್ಡಿನಲ್ಲಿ ತೂತು ಕೊಂಚ ದೊಡ್ಡದಾಗುತ್ತದೆ, ಪ್ಲಗ್ ಸಡಿಲ ಅನಿಸುತ್ತದೆ. ಆದರೆ ಬಿಸಿಯಲ್ಲಿ ಅಲ್ಯೂಮಿನಿಯಂ ಮೆತ್ತಗೂ ಆಗುತ್ತದೆ. ಥ್ರೆಡ್ ಸ್ವಚ್ಛವಾಗಿರುವ ಪ್ಲಗ್‌ಗೆ ಇದರಿಂದ ತೊಂದರೆಯಾಗದೇ ಇರಬಹುದು, ನಿಮ್ಮ ಉಸ್ತಾದರಿಗೆ ಸಿಕ್ಕವು ಅಂಥವೇ ಇರಬೇಕು. ಕಚ್ಚಿಕೊಂಡ ಪ್ಲಗ್‌ಗೆ ಹಾಗೆ ಮಾಡಿದರೆ ಹೆಡ್ಡಿನ ಲೋಹವೇ ಪ್ಲಗ್ಗಿಗೆ ಮೆತ್ತಿಕೊಂಡು ಬರುತ್ತದೆ. ಪ್ಲಗ್ ತಯಾರಕರು ಎಂಜಿನ್ ತಣ್ಣಗಾದ ಮೇಲೆ ಬಿಚ್ಚಿ ಎನ್ನುವುದು ಇದಕ್ಕೇ.

ಎಣ್ಣೆ ಹಾಕಿ ರಾತ್ರಿ ಬಿಟ್ಟರೂ ಕದಲದಿದ್ದರೆ ಆಗ ನಡುದಾರಿ ಹಿಡಿಯಬಹುದು: ಬಾವಿಯ ಎಣ್ಣೆಯನ್ನು ಪೂರ್ತಿ ಒರೆಸಿ ತೆಗೆದು, ಎಲ್ಲ ಪ್ಲಗ್ ಹಾಕಿ, ಎಂಜಿನ್ ಸ್ವಲ್ಪ ಹೊತ್ತು ನಡೆಸಿ, ಹೆಡ್ಡಿನ ಮೇಲೆ ಅಂಗೈ ಇಟ್ಟರೆ ಸಹಿಸುವಷ್ಟು ಮಾತ್ರ ಬೆಚ್ಚಗೆ. ಎಣ್ಣೆ ಒರೆಸದೆ ಚಾಲೂ ಮಾಡಬೇಡಿ, ಆ ಸ್ಪ್ರೇ ಹೊತ್ತಿಕೊಳ್ಳುವಂಥದ್ದು.

ಸಿಎನ್‌ಜಿಯಲ್ಲೇ ಏಕೆ ಜಟಕಾ ಅಂದರೆ, ಅದಕ್ಕೆ ಕಿಡಿ ಹಾರಿಸಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಕಿಡಿ ಹಾರುವ ಗ್ಯಾಪ್ ಅಗಲವಾದರೆ ಇನ್ನೂ ಹೆಚ್ಚು. ಘಟ್ಟದಲ್ಲಿ ಲೋಡ್ ಬಿದ್ದಾಗ ಸಿಲಿಂಡರಿನ ಒತ್ತಡವೂ ಏರುತ್ತದೆ. ಪ್ಲಗ್ಗಿಗೆ ಆ ವೋಲ್ಟೇಜ್ ಕೊಡುವ ಕಾಯಿಲ್ ಮೊದಲು ಸೋಲುವುದು ಅಲ್ಲಿ.

ಬೆಟಗೇರಿ ಲೇಥ್:
ಥ್ರೆಡ್ ಹೋತಂದ್ರ ಅಳೋದು ಬ್ಯಾಡ್ರಿ, ಉಪಾಯ ಐತಿ. 14 ಎಂಎಂ ಪ್ಲಗ್ ಇದ್ರ ಪಿಚ್ (ಥ್ರೆಡ್ಡಿನ ಗೆರಿ ನಡುವಿನ ಅಂತರ) 1.25 ಎಂಎಂ. ತೂತು ದೊಡ್ಡದು ಮಾಡಿ, ಹೊಸಾ ಥ್ರೆಡ್ ಹೊಡದು, ಹೆಲಿಕಾಯಿಲ್ (ಥ್ರೆಡ್ ಆಗೋ ತಂತಿ ಸುರಳಿ) ಇಲ್ಲಾ ಉಕ್ಕಿನ ಬುಶ್ ಕೂಡಸ್ತೀವಿ. ಥ್ರೆಡ್ ಹೊಡಿಯೋ ಟ್ಯಾಪಿಗೆ ಗ್ರೀಸ್ ಹಚ್ಚಿ ಗಾಡಿ ಮ್ಯಾಲನ ಮಾಡೋರು ಅದಾರ, ಚೂರು ಗ್ರೀಸಿಗೆ ಹತ್ತತಾವ ಅಂತಾರ. ಎಲ್ಲಾ ಹತ್ತಂಗಿಲ್ಲರಿ. ಸೀಟಿನ ಕೆಳಗಿನ ಎಂಜಿನ್ನಿಗೆ ಟ್ಯಾಪ್ ನೆಟ್ಟಗ ಇಳಿಸೋದೂ ಆಗದ ಮಾತು. ನನ್ನ ಕೇಳಿದ್ರ ಹೆಡ್ ಇಳಿಸ್ಕೊಂಡು ಬರ್ರಿ.

ಬ್ಯಾಡಗಿ ಲೋಡ್:
ಬಂತ್ರೀ! ಬಿಸಿ ಮಾಡೋ ಪ್ರಸಂಗನ ಬರಲಿಲ್ಲ. ಮಿಸ್ತ್ರಿ ಕಾಕಾ ಹೇಳಿದಂಗ ಎಂಟಾಣೆ ನಾಕಾಣೆ ಮಾಡ್ಕೋತ ಕುಂತೆ, ತಾಸಿನ ಮ್ಯಾಲಾತು. ನಡುವ ಒಂದು ಕಡೆ ಭಾಳ ಬಿಗಿ ಬಂತು, ಬಿಟ್ಟು ಚಾ ಕುಡದು ಬಂದು ಮತ್ತ ಹಿಡದೆ. ಪ್ಲಗ್ಗಿನ ಮ್ಯಾಲಿನ ಥ್ರೆಡ್ ಕೆಂಪು ತುಕ್ಕು, ತುದಿ ಕರ್ರಗ. ಥ್ರೆಡ್ಡಿನಾಗ ಬೆಳ್ಳಿ ಬಣ್ಣದ ಚೂರು ಇಲ್ಲ. ಫೀಲರ್ ಗೇಜ್ ಹಾಕಿದ್ರ ಗ್ಯಾಪ್ ಹೊಸಾದಕ್ಕಿಂತ ಭಾಳ ಅಗಲ.

ಆದ್ರ ಈಗ ಬ್ಯಾರೆ ತ್ರಾಸು. ಹಳೇ ಪ್ಲಗ್ ಜೋಡಿ ಒಂದು ವಾಶರ್ ಬಂತು. ಟಾರ್ಚ್ ಹಾಕಿ ನೋಡಿದ್ರ ಬಾವಿ ತಳದಾಗ ಇನ್ನೊಂದು ಉಂಗರಾ ಕುಂತಂಗ ಕಾಣತೈತಿ. ಅದು ಹೆಡ್ಡಿಂದ ಏನು?

ಗೋಕುಲ ರೋಡ್ ಮಿಸ್ತ್ರಿ:
ಬೆಳ್ಳಿ ಚೂರು ಇಲ್ಲಂದ್ರ ಹೆಡ್ ಉಳೀತು, ಶಾಬಾಸ್.

ಆ ಉಂಗರಾ ಹೆಡ್ಡಿಂದಲ್ಲ, ಇನ್ನೂ ಹಳೇ ಪ್ಲಗ್ಗಿನ ವಾಶರ್. ಹಿಂದಿನ ಸಲ ಹಾಕಿದವರು ಅದನ್ನ ತಗೀದ ಅದರ ಮ್ಯಾಲನ ಪ್ಲಗ್ ಕೂಡಸ್ಯಾರ. ಎರಡು ವಾಶರ್ ಇದ್ರ ಬರೋಬ್ಬರಿ ಕೂಡಂಗಿಲ್ಲ, ಕೂತಿಲ್ಲಂತ ಮತ್ತ ಜೋರ್ ಹಾಕ್ಯಾರ. ಸಣ್ಣ ಮ್ಯಾಗ್ನೆಟ್ ಕಡ್ಡಿ ಇಳಿಸು, ಬರಲಿಲ್ಲಂದ್ರ ತಂತಿ ತುದಿ ಬಗ್ಗಿಸಿ ಎಬ್ಬಿಸು.

ಇನ್ನೊಂದು ಲಕ್ಷ್ಯ ಇರಲಿ. ಪ್ಲಗ್ ಒಂದು ವಾಶರಿನಷ್ಟು ಮ್ಯಾಲ ಕುಂತಿತ್ತಲ್ಲ, ಅಷ್ಟು ದಿನ ಹೆಡ್ಡಿನ ಕಡೀ ಥ್ರೆಡ್ ಬೆಂಕಿಗೆ ಬಯಲಾಗಿತ್ತು. ಅಲ್ಲಿ ಕಾರ್ಬನ್ ಕಟ್ಟಿರತೈತಿ. ಹೊಸಾ ಪ್ಲಗ್ ಬೆರಳಿಲೆ ಸಲೀಸ ಇಳದು, ಕಡೀಕ ಸ್ವಲ್ಪ ಇರುವಾಗ ನಿಲ್ಲತೈತಿ. ಕೂತೈತಿ ಅಂತ ತಿಳ್ಕೋಬ್ಯಾಡ, ಅದಕ್ಕ ಪಾನಾನೂ ಹಚ್ಚಬ್ಯಾಡ.

ನಿನ್ನ ಒಂದನೇ ಸಿಲಿಂಡರಿನ ಹಳೇ ಪ್ಲಗ್ ತಗೋ, ಥ್ರೆಡ್ ಛಲೋ ಇದ್ದದ್ದು. ಹ್ಯಾಕ್ಸಾ ಬ್ಲೇಡಿಲೆ ಥ್ರೆಡ್ಡಿಗೆ ಅಡ್ಡ, ಉದ್ದಕ್ಕ ಮೂರ್ನಾಕು ಗೆರಿ ಕೊಯ್ಯಿ. ಅಂಚಿನ ಮುಳ್ಳು ಅರದಿಂದ ತಿಕ್ಕಿ ತಗಿ. ಗೆರಿ ತುಂಬ ಗ್ರೀಸ್ ತುಂಬಿ ಕೈಲೆ ತಿರುವು. ಕಾರ್ಬನ್ ಗ್ರೀಸಿನಾಗ ಬರತೈತಿ, ತಗದು ಒರಸು, ಮತ್ತ ಹಾಕು. ಹೊಸಾ ಪ್ಲಗ್ ತಳದ ತನಕ ಬೆರಳಿಲೆ ಹೋಗೋ ಮಟ ಮಾಡು. ಹೊಸಾ ಥ್ರೆಡ್ ಹೊಡಿಯೋ ಟ್ಯಾಪ್ ಮಾತ್ರ ಬ್ಯಾಡ, ಜರಾ ವಾರಿ ಆತಂದ್ರ ಇದ್ದ ಥ್ರೆಡ್ ಕೆತ್ತಿ ಬಿಡತೈತಿ.

ಅಣ್ಣಿಗೇರಿ ಆಟೋ:
ಹಾಕೋ ಮುಂದ ಕಾಪರ್ ಗ್ರೀಸ್ ಹಚ್ಚಿಬಿಡ್ರಿ, ಮತ್ತೊಮ್ಮೆ ಹಿಡಿಯಂಗಿಲ್ಲ.

ಹಾವೇರಿ ವರ್ಕ್‌ಶಾಪ್ ಮೇಷ್ಟ್ರು:
ಬೇಡ ಅನ್ನುವ ಕಡೆ ನಾನು. ಒಳ್ಳೆ ಕಂಪನಿಯ ಪ್ಲಗ್‌ಗಳ ಮೈಗೆ ಲೇಪ ಇರುತ್ತದೆ, ಒಣ ಥ್ರೆಡ್ಡಿಗೇ ಲೆಕ್ಕ ಹಾಕಿ ಬಿಗಿ ಹೇಳಿರುತ್ತಾರೆ. ಗ್ರೀಸ್ ಹಚ್ಚಿದರೆ ಜಾರು ಹೆಚ್ಚಿ ಅದೇ ಟಾರ್ಕ್‌ನಲ್ಲಿ (ತಿರುಗಿಸುವ ಬಲದಲ್ಲಿ) ಪ್ಲಗ್ ಅತಿಯಾಗಿ ಬಿಗಿಯಾಗುತ್ತದೆ. ಹಚ್ಚಲೇಬೇಕೆಂದರೆ ತೆಳ್ಳಗೆ, ತುದಿಗೆ ತಾಗದಂತೆ, ಟಾರ್ಕ್ ಸುಮಾರು 30 ಪ್ರತಿಶತ ಇಳಿಸಿ.

ವಾಶರ್ ಇರುವ 14 ಎಂಎಂ ಪ್ಲಗ್ ಅಲ್ಯೂಮಿನಿಯಂ ಹೆಡ್ಡಿಗೆ 25ರಿಂದ 30 ನ್ಯೂಟನ್ ಮೀಟರ್, 12 ಎಂಎಂ ಆದರೆ 15ರಿಂದ 20. ಗಾಡಿ ಪುಸ್ತಕದಲ್ಲಿ ಬೇರೆ ಇದ್ದರೆ ಪುಸ್ತಕದ್ದೇ ಅಂತಿಮ. ಟಾರ್ಕ್ ರೆಂಚ್ ಇಲ್ಲದಿದ್ದರೆ ಬೆರಳಿಂದ ತಳ ಮುಟ್ಟಿಸಿ, ಆಮೇಲೆ ಎಷ್ಟು ಸುತ್ತು ಎಂದು ಪ್ಲಗ್ಗಿನ ಡಬ್ಬಿ ಮೇಲೆ ಚಿತ್ರ ಇರುತ್ತದೆ. ಹೊಸ ವಾಶರಿಗೆ ಹೇಳಿದ ಸುತ್ತನ್ನು ಹಳೇ ವಾಶರಿಗೆ ಹಾಕಬೇಡಿ, ಅದು ಆಗಲೇ ಚಪ್ಪಟೆಯಾಗಿರುತ್ತದೆ.

ಮತ್ತೆ ಆ ಕೆಂಪು ತುಕ್ಕು ನೀರಿನದು. ವಾಟರ್ ವಾಶ್ ಮಾಡಿಸುವಾಗ ಸೀಟ್ ಎತ್ತಿ ಎಂಜಿನ್ ಮೇಲೆ ನೇರ ಪ್ರೆಶರ್ ಹೊಡೆಯಲು ಬಿಡಬೇಡಿ. ಮೂರನೇ ಕಾಯಿಲ್ ಕೆಳಗಿನ ರಬ್ಬರ್ ಸೀಳಿದೆಯೇ ನೋಡಿ, ನೀರು ಇಳಿದದ್ದು ಅಲ್ಲಿಂದಲೇ ಇರಬೇಕು.

ಬ್ಯಾಡಗಿ ಲೋಡ್:
ಸರ, ನೀವು ಅಂದಂಗ ರಬ್ಬರ್ ಸೀಳೈತಿ, ಹೊಸಾದು ಹಾಕಿದೆ. ವಾಶರ್ ಮ್ಯಾಗ್ನೆಟ್ಟಿಗೆ ಬಂತು. ಕೊಯ್ದ ಪ್ಲಗ್ ತಿರುವಿದಾಗ ಕರೀ ಪುಡಿ ಗ್ರೀಸಿನಾಗ ಬಂತು, ಆಮ್ಯಾಲ ಹೊಸಾದು ತಳ ಮುಟ್ಟೇತಿ. ನಾಕೂ ಹೊಸಾ ಹಾಕಿ ಕೋಡ್ ಅಳಿಸಿ ಚಾಲೂ ಮಾಡಿದೆ. ಸಿಎನ್‌ಜಿಯೊಳಗ ಕಲಘಟಗಿ ತನಕ ಲೋಡ್ ಹಾಕ್ಕೊಂಡು ಹೋಗಿ ಬಂದೆ, ಜಟಕಾ ಇಲ್ಲ. ಘಟ್ಟ ಇನ್ನೂ ಹತ್ತಿಲ್ಲ.

ಕಾಕಾ, ಎರಡನೇ ಬಾವಿಯೊಳಗ ಎಂಜಿನ್ ಆಯಿಲ್ ನಿಂತಿತ್ತು, ಒರಸಿ ಬಿಟ್ಟೀನಿ. ನಡೀತೈತೇನು?

ಗೋಕುಲ ರೋಡ್ ಮಿಸ್ತ್ರಿ:
ನಡಿಯಂಗಿಲ್ಲ. ಮ್ಯಾಲಿನ ಕವರಿನ ಕೆಳಗ, ಪ್ಲಗ್ ಬಾವಿ ಸುತ್ತ ಇರೋ ಸೀಲ್ ಗಟ್ಟಿ ಆಗಿ ಸೋರಾಕ ಹತ್ತೈತಿ. ಆಯಿಲ್ ಹತ್ತಿದ ಕಾಯಿಲ್ ರಬ್ಬರ್ ಊದತೈತಿ, ಕಿಡಿ ಬಾಜೂಕ ಹಾರತೈತಿ, ಆಮ್ಯಾಲ ನಿನಗ ಪಿ0302 ಬರತೈತಿ. ಕವರ್ ಗ್ಯಾಸ್ಕೆಟ್ ಮತ್ತ ನಾಕೂ ಸೀಲ್ ಒಮ್ಮೆಲೆ ತಗೋ, ಒಂದ ಬದಲಿ ಮಾಡಿದ್ರ ಉಳಿದವು ಸೋರತಾವ. ಸಿಗೋ ತನಕ ಆ ರಬ್ಬರ್ ಆಗಾಗ ತಗದು ಒರಸ್ತಿರು. ಬಿಚ್ಚೋ ಮೊದಲ ಬಾವಿಗೆ ಮತ್ತ ಹವಾ ಹೊಡಿ.