ಹತ್ತನೇ ತರಗತಿಗೆ ಎರಡು ಬೋರ್ಡ್ ಪರೀಕ್ಷೆ: ಫೆಬ್ರವರಿಯದನ್ನು ಬಿಟ್ಟು ಮೇ ತಿಂಗಳಲ್ಲಿ ಬರೆಯಬಹುದೇ?

ಪ್ರಶ್ನೆ (ಶ್ರೀನಿವಾಸಪುರದ ಒಬ್ಬ ತಾಯಿ):
ಮೇಷ್ಟ್ರೇ, ನಮಸ್ಕಾರ. ಮಗಳು ಕೋಲಾರದ ಸಿಬಿಎಸ್‌ಇ ಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ಈಗ ವರ್ಷಕ್ಕೆ ಎರಡು ಬೋರ್ಡ್ ಪರೀಕ್ಷೆ ಇದೆಯಂತೆ. "ಫೆಬ್ರವರಿಯದು ಹೇಗಾದರೂ ಆಗಲಿ, ಮೇ ತಿಂಗಳಲ್ಲಿ ಚೆನ್ನಾಗಿ ಬರೆಯುತ್ತೇನೆ" ಎನ್ನುತ್ತಾಳೆ. ಮೇ ಎಂದರೆ ನಮ್ಮಲ್ಲಿ ಮಾವಿನ ಕಾಲ. ತೋಟ, ಮಂಡಿ ಎಂದು ಮನೆಯಲ್ಲಿ ಯಾರೂ ಒಂದು ಕಡೆ ಕೂರುವುದಿಲ್ಲ. ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಮಾತ್ರ ಬರೆಯಲು ಆಗುತ್ತದೆಯೇ?

ಉತ್ತರ (ಸಿಬಿಎಸ್‌ಇ ವಿಜ್ಞಾನ ಶಿಕ್ಷಕ, ಮೌಲ್ಯಮಾಪಕ, ಕೋಲಾರ):
ಆಗುವುದಿಲ್ಲ ತಾಯಿ. ಈ ಮಾತನ್ನು ಮಗಳಿಗೆ ಇವತ್ತೇ ಹೇಳಿಬಿಡಿ. 2026ರಿಂದ ಬಂದಿರುವ ಈ ಪದ್ಧತಿಯಲ್ಲಿ ಫೆಬ್ರವರಿಯ ಪರೀಕ್ಷೆ ಎಲ್ಲರಿಗೂ ಕಡ್ಡಾಯ. ಅದರಲ್ಲಿ ಮೂರು ಅಥವಾ ಹೆಚ್ಚು ವಿಷಯಗಳಿಗೆ ಗೈರುಹಾಜರಾದವರನ್ನು ಮೇ ಪರೀಕ್ಷೆಗೆ ಕೂರಿಸುವುದಿಲ್ಲ. ಅವರು ಮುಂದಿನ ವರ್ಷದವರೆಗೆ ಕಾಯಬೇಕು. ಪಾಸಾದವರು ಅಂಕ ಸುಧಾರಿಸಿಕೊಳ್ಳಲು ಬಯಸಿದರೆ ವಿಜ್ಞಾನ, ಗಣಿತ, ಸಮಾಜ ವಿಜ್ಞಾನ ಮತ್ತು ಭಾಷೆಗಳಲ್ಲಿ ಹೆಚ್ಚೆಂದರೆ ಮೂರನ್ನು ಮತ್ತೆ ಬರೆಯಬಹುದು. ಎರಡರಲ್ಲಿ ಯಾವುದು ಹೆಚ್ಚೋ ಆ ಅಂಕ ಉಳಿಯುತ್ತದೆ. ಎರಡಕ್ಕೂ ಇಡೀ ವರ್ಷದ ಪಠ್ಯವೇ. ಅಂದರೆ ಮೇ ಪರೀಕ್ಷೆ ಹರಿದ ಕಡೆ ಹಾಕುವ ತೇಪೆ, ಹೊಸ ಬಟ್ಟೆಯಲ್ಲ.

ಜ್ವರ ಬಂದು ಗಣಿತ ಕೆಟ್ಟ ಮಗುವಿಗೆ ಇದು ದೊಡ್ಡ ಆಸರೆ. ಒಂದು ದಿನದ ತಪ್ಪಿಗೆ ಒಂದು ವರ್ಷ ಕಳೆದುಕೊಂಡ ಮಕ್ಕಳನ್ನು ನಾನು ಕಂಡಿದ್ದೇನೆ, ಹಾಗಾಗಿ ಈ ಬದಲಾವಣೆಯನ್ನು ಮನಸಾರೆ ಒಪ್ಪುತ್ತೇನೆ. ಆದರೆ 91 ಬಂದದ್ದನ್ನು 94 ಮಾಡಲು ಮೇ ಬಿಸಿಲಿನಲ್ಲಿ ಮಗುವನ್ನು ಮತ್ತೆ ಕೂರಿಸುವುದು ನನಗೆ ಸರಿ ಕಾಣುವುದಿಲ್ಲ.

ಮರುಪ್ರಶ್ನೆ (ಅದೇ ತಾಯಿ):
ಹಾಗಾದರೆ ಫೆಬ್ರವರಿಗೇ ಓದಬೇಕು. ಪುಸ್ತಕ ಪೂರ್ತಿ ಬಾಯಿಪಾಠ ಮಾಡಿದ್ದಾಳೆ, ಆದರೂ ಶಾಲೆಯ ಪರೀಕ್ಷೆಯಲ್ಲಿ ವಿಜ್ಞಾನಕ್ಕೆ ಅಂಕ ಕಡಿಮೆ. ಏಕೆ?

ಉತ್ತರ:
ನಿಜವಾದ ಬದಲಾವಣೆ ಇರುವುದು ಇಲ್ಲಿಯೇ. ಎರಡು ಪರೀಕ್ಷೆ ಎಂಬ ಸುದ್ದಿಯ ಗದ್ದಲದಲ್ಲಿ ಇದನ್ನು ಯಾರೂ ಗಮನಿಸುವುದಿಲ್ಲ. ಈಗ ಪ್ರಶ್ನೆಪತ್ರಿಕೆಯ ಅರ್ಧದಷ್ಟು ಸಾಮರ್ಥ್ಯ ಆಧಾರಿತ ಪ್ರಶ್ನೆಗಳು. ಒಂದು ಸಂದರ್ಭ ಕೊಡುತ್ತಾರೆ, ಓದಿದ್ದನ್ನು ಅದಕ್ಕೆ ಹಚ್ಚಿ ಹೇಳಬೇಕು. "ತಟಸ್ಥೀಕರಣ ಎಂದರೇನು" ಎಂದು ಕೇಳಿದರೆ ನಿಮ್ಮ ಮಗಳು ಗಿಳಿಪಾಠ ಒಪ್ಪಿಸುತ್ತಾಳೆ. ರೈತ ಎಂತಹ ಮಣ್ಣಿಗೆ ಸುಣ್ಣ ಹಾಕುತ್ತಾನೆ, ಏಕೆ ಎಂದು ಕೇಳಿದರೆ? ಮಣ್ಣು ಆಮ್ಲೀಯ, ಸುಣ್ಣ ಪ್ರತ್ಯಾಮ್ಲ, ಎರಡೂ ಸೇರಿದಾಗ ಹುಳಿ ತಗ್ಗುತ್ತದೆ ಎಂದು ಅವಳೇ ಜೋಡಿಸಬೇಕು. ಒಂದು ಸಂಜೆ ಅವಳನ್ನು ತೋಟಕ್ಕೆ ಕರೆದುಕೊಂಡು ಹೋಗಿ ಒಂದು ಹಿಡಿ ಮಣ್ಣು ಕೈಗೆ ಕೊಟ್ಟು ಇದನ್ನೇ ಕೇಳಿ. ನಿಮ್ಮ ಮನೆಯ ಬದುಕಿನಲ್ಲೇ ಅರ್ಧ ವಿಜ್ಞಾನವಿದೆ.

ಮೌಲ್ಯಮಾಪನದ ಬಗ್ಗೆಯೂ ಹೇಳುತ್ತೇನೆ. ಮಂಡಳಿ ಕೊಡುವ ಅಂಕ ಯೋಜನೆಯನ್ನು ಪಕ್ಕದಲ್ಲಿಟ್ಟುಕೊಂಡೇ ನಾವು ತಿದ್ದುತ್ತೇವೆ. ಸೂತ್ರಕ್ಕಿಷ್ಟು, ಅದರಲ್ಲಿ ಬೆಲೆಗಳನ್ನು ಹಾಕಿದ್ದಕ್ಕಿಷ್ಟು, ಉತ್ತರಕ್ಕಿಷ್ಟು. ಮಸೂರದ ಲೆಕ್ಕದಲ್ಲಿ ಕೊನೆಯ ಗುಣಾಕಾರ ತಪ್ಪಿದರೂ ಮೇಲಿನ ಹಂತಗಳ ಅಂಕ ಸಿಗುತ್ತದೆ. ಬರೀ ಉತ್ತರ ಗೀಚಿ, ಅದೂ ತಪ್ಪಾದರೆ ನನ್ನ ಪೆನ್ನು ಎಲ್ಲಿ ನಿಲ್ಲಬೇಕು? ಕೊಡುವ ಮನಸ್ಸಿದ್ದರೂ ಕೊಡಲು ಜಾಗವಿರುವುದಿಲ್ಲ.

ವಿಜ್ಞಾನದ ಉತ್ತರಪತ್ರಿಕೆಯನ್ನು ಈಗ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಎಂದು ಮೂರು ಭಾಗ ಮಾಡಿಕೊಂಡು ಬರೆಯಬೇಕು. ಒಂದು ಭಾಗದ ಉತ್ತರವನ್ನು ಇನ್ನೊಂದರಲ್ಲಿ ಬರೆದರೆ ತಿದ್ದುವುದಿಲ್ಲ. ಮನೆಯಲ್ಲಿ ಬರೆಯುವಾಗಲೇ ರೂಢಿ ಮಾಡಿಸಿ. ಹತ್ತೂಕಾಲಕ್ಕೆ ಪ್ರಶ್ನೆಪತ್ರಿಕೆ ಕೊಟ್ಟು ಹತ್ತೂವರೆಗೆ ಬರೆಯಲು ಬಿಡುತ್ತಾರೆ. ನಡುವಿನ ಹದಿನೈದು ನಿಮಿಷ ಓದುವುದಕ್ಕಾಗಿಯೇ ಇರುವುದು, ಕಿಟಕಿಯಾಚೆ ನೋಡಲು ಅಲ್ಲ.

ಮರುಪ್ರಶ್ನೆ (ಮುಳಬಾಗಿಲಿನ ಒಬ್ಬ ತಂದೆ):
ಸರ್, ಇವರು ನಾಲ್ಕು ವರ್ಷಕ್ಕೊಮ್ಮೆ ಪದ್ಧತಿ ಬದಲಿಸುತ್ತಾರೆ. ಇದೂ ಹಾಗೆಯೇ ಅಲ್ಲವೇ? ನಮ್ಮ ಎಸ್‌ಎಸ್‌ಎಲ್‌ಸಿಯೇ ವಾಸಿ ಅಲ್ಲವೇ?

ಉತ್ತರ:
ನಿಮ್ಮ ಬೇಸರ ನ್ಯಾಯವಾದದ್ದು. 2009ರಲ್ಲಿ ನಿರಂತರ ಮತ್ತು ಸಮಗ್ರ ಮೌಲ್ಯಮಾಪನ, ಅಂದರೆ ವರ್ಷವಿಡೀ ಮಗುವಿನ ಕಲಿಕೆಯನ್ನು ಅಳೆಯುವ ಪದ್ಧತಿ, ಬಂತು, ಹತ್ತನೇ ತರಗತಿಯ ಬೋರ್ಡ್ ಪರೀಕ್ಷೆ ಐಚ್ಛಿಕವಾಯಿತು. 2018ರಲ್ಲಿ ಮತ್ತೆ ಕಡ್ಡಾಯವಾಯಿತು. ನಡುವಿನ ಆ ವರ್ಷಗಳಲ್ಲಿ ಮಗುವಿನ ಮುಖ ನೋಡುವುದಕ್ಕಿಂತ ದಾಖಲೆ ತುಂಬುವುದೇ ನಮಗೆ ಹೆಚ್ಚಾಯಿತು. ಉದ್ದೇಶ ಒಳ್ಳೆಯದಿತ್ತು, ನಮಗೆ ತರಬೇತಿ ಸಾಲಲಿಲ್ಲ. ಇನ್ನು ಎಸ್‌ಎಸ್‌ಎಲ್‌ಸಿಯಲ್ಲೂ 2024 ಮತ್ತು 2025ರಲ್ಲಿ ಪರೀಕ್ಷೆ-1, 2, 3 ಎಂದು ಮೂರು ಅವಕಾಶಗಳಿದ್ದವು. ಯಾವುದು ವಾಸಿ ಎಂಬುದು ಬೋರ್ಡಿನ ಮೇಲಲ್ಲ, ನಿಮ್ಮ ಮಗನಿಗೆ ಪಾಠ ಹೇಳುವವರ ಮೇಲೆ ನಿಂತಿದೆ.

ಮರುಪ್ರಶ್ನೆ (ಶ್ರೀನಿವಾಸಪುರದ ತಾಯಿ):
ಶಾಲೆಯವರು ಕೊಡುವ 20 ಅಂಕ ಮೇ ತಿಂಗಳಲ್ಲಿ ಹೆಚ್ಚಾಗುತ್ತದೆಯೇ?

ಉತ್ತರ:
ಇಲ್ಲ ತಾಯಿ. ಆಂತರಿಕ ಅಂಕ ಒಂದೇ ಸಲ, ಫೆಬ್ರವರಿಯ ಮೊದಲೇ ಮುಗಿಯುತ್ತದೆ. ಮೇ ತಿಂಗಳಲ್ಲಿ ಸುಧಾರಿಸುವುದು 80 ಅಂಕದ ಲಿಖಿತ ಪರೀಕ್ಷೆ ಮಾತ್ರ. ಕಿರುಪರೀಕ್ಷೆಗಳಿಗೆ 5, ಬಗೆಬಗೆಯ ಚಟುವಟಿಕೆಗಳಿಗೆ 5, ವರ್ಷವಿಡೀ ಮಾಡಿದ ಕೆಲಸದ ಕಡತಕ್ಕೆ 5, ವಿಜ್ಞಾನದಲ್ಲಿ ಪ್ರಯೋಗಕ್ಕೆ 5. ಸೋಮವಾರ ಮಗಳ ಪ್ರಯೋಗ ಪುಸ್ತಕ ತೆರೆಸಿ ನೋಡಿ. ಚಿತ್ರ ಬಿಡಿಸದೆ ಬಿಟ್ಟ ಪುಟ, ಶಿಕ್ಷಕರ ಸಹಿ ಇಲ್ಲದ ಪುಟ ಇದ್ದರೆ ಗುರುತು ಹಾಕಿ, ಆ ವಾರವೇ ಶಾಲೆಗೆ ಕಳುಹಿಸಿ.